ಮೊಟ್ಟೆ ಮುಳುಗಿದರೆ ಮರಿ ಉಳಿಯದು

ಲಕ್ಕುಂಡಿ ಗುಡಿಗಳ ಮಕರದ ಕೆತ್ತನೆ ತೋರಿಸಿ, ನಮ್ಮ ಹಿರಿಯರು ಸಮುದ್ರದ ಡೈನೋಸಾರ್‌ಗಳನ್ನು ಕಣ್ಣಾರೆ ಕಂಡಿದ್ದರು ಅಂತ ಹೇಳುವ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಗದಗ, ಧಾರವಾಡದ ಓದಿದವರೇ ಅದನ್ನು ಮುಂದೆ ಕಳಿಸುತ್ತಾರೆ. ನನಗೆ ತುಂಬಾ ಬೇಸರವಾಗುತ್ತದೆ. ಹಾಗೆಂದರೆ ಆ ಶಿಲ್ಪಿಗಳ ಕಲ್ಪನೆಯನ್ನೇ ಕಸಿದುಕೊಂಡಂತೆ ಅಲ್ವಾ? ಹಿಂದಿನ ಕಾಲದ ದೈತ್ಯ ಕಡಲ ಸರೀಸೃಪಗಳಾದ ಮೋಸಸಾರ್‌ಗಳಲ್ಲಿ ಕೊನೆಯವು ಅಳಿದದ್ದೇ 6.6 ಕೋಟಿ ವರ್ಷಗಳ ಹಿಂದೆ. ನಮ್ಮಂಥ ಮನುಷ್ಯರು ಬಂದು ಸುಮಾರು 3 ಲಕ್ಷ ವರ್ಷ ಅಷ್ಟೇ. ಮೋಸಸಾರ್‌ಗಳು ಡೈನೋಸಾರ್‌ಗಳೂ ಅಲ್ಲ, ಉಡದ ದೂರದ ನೆಂಟರು.

ಗದಗ ಬಳಿಯ ಕಪ್ಪತಗುಡ್ಡದಲ್ಲಿ ಇಂಥ ಕಡಲ ಸರೀಸೃಪಗಳ ಎಲುಬು ಹುಡುಕುವುದೂ ಸುಮ್ನೆ ಕೆಲಸ. ಅಲ್ಲಿನ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಆಗ ಭೂಮಿಯ ಮೇಲೆ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಹುಡುಕುವುದಾದರೆ ಕಛ್‌ಗೆ ಹೋಗಬೇಕು. ಅಲ್ಲಿ ಸಿಕ್ಕ, ಸುಮಾರು ಐದೂವರೆ ಮೀಟರ್ ಉದ್ದದ ಇಕ್ತಿಯೋಸಾರ್ ಬಗ್ಗೆ 2017ರಲ್ಲಿ ವರದಿ ಬಂತು.

ಇಕ್ತಿಯೋಸಾರ್ ನೋಡಲು ಮೀನಿನ ಹಾಗೆ. ಆದರೆ ಅದು ಸರೀಸೃಪ. ಕಿವಿರಿಲ್ಲ, ಶ್ವಾಸಕೋಶವಿದೆ. ಉಸಿರಿಗಾಗಿ ಮೇಲೆ ಬರಲೇಬೇಕು. ಅದೇನೋ ಸರಿ, ಮೊಟ್ಟೆಯ ಗತಿ ಏನು? ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಇದು.

ಸರೀಸೃಪದ ಮೊಟ್ಟೆಯೂ ಉಸಿರಾಡುತ್ತದೆ. ಚಿಪ್ಪಿನ ಸಣ್ಣ ರಂಧ್ರಗಳಿಂದ ಆಮ್ಲಜನಕ ಒಳಗೆ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮುಳುಗಿದ ಮೊಟ್ಟೆಯೊಳಗಿನ ಮರಿಯ ಪಾಡು, ಒದ್ದೆ ಬಟ್ಟೆಯನ್ನು ಮೂಗಿಗೆ ಬಿಗಿದವರ ಪಾಡು. ಹೊರಗಿನಿಂದ ಬರುವ ಆಮ್ಲಜನಕ ಸಾಲುವುದೇ ಇಲ್ಲ. ಮೀನಿನ ಪುಟ್ಟ ಮೊಟ್ಟೆಗೆ ಇಂಥ ಗಟ್ಟಿ ಚಿಪ್ಪಿಲ್ಲ, ಅದು ನೀರಲ್ಲೇ ಬೆಳೆಯುತ್ತದೆ.

ಹುಬ್ಬಳ್ಳಿಯಿಂದ ಘಟ್ಟ ಇಳಿದು ಹೊನ್ನಾವರದ ಕಡೆ ಹೋದರೆ ಕಡಲಾಮೆಗಳು ಈ ಕಷ್ಟಕ್ಕೆ ಕಂಡುಕೊಂಡ ದಾರಿ ಕಾಣಿಸುತ್ತದೆ. ಮೊಟ್ಟೆಯಿಡಲು ಅವು ಇಂದಿಗೂ ಮರಳಿಗೆ ಹತ್ತುತ್ತವೆ. ಆದರೆ ಹತ್ತಾರು ಟನ್ ತೂಕದ ದೊಡ್ಡ ಇಕ್ತಿಯೋಸಾರ್ ದಡಕ್ಕೆ ಬಂದರೆ ತನ್ನ ಭಾರಕ್ಕೇ ಸಾಯುತ್ತದೆ. ಅವು ಮರಿಯನ್ನೇ ಹೆತ್ತವು.

ಇದು ಊಹೆಯಲ್ಲ. ಚೀನಾದಲ್ಲಿ ಸುಮಾರು 24.8 ಕೋಟಿ ವರ್ಷ ಹಳೆಯ, ಚಾವೋಹುಸಾರಸ್ ಎಂಬ ಇಕ್ತಿಯೋಸಾರ್ ತಾಯಿಯ ಪಳೆಯುಳಿಕೆ ಸಿಕ್ಕಿದೆ. ಮರಿ ಹೊರಬರುತ್ತಿರುವಾಗಲೇ ಕಲ್ಲಾಗಿದೆ, ಅದೂ ತಲೆ ಮುಂದಾಗಿ. ನೆಲದ ಮೇಲೆ ಹೆರುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ತಲೆಯೇ ಮೊದಲು ಬರುತ್ತದೆ. ಹಾಗಾಗಿ ಮರಿ ಹೆರುವ ಅಭ್ಯಾಸ ಸಮುದ್ರಕ್ಕೆ ಇಳಿಯುವ ಮೊದಲೇ, ನೆಲದ ಮೇಲಿದ್ದಾಗಲೇ ಬಂದಿರಬೇಕು ಎಂದು 2014ರಲ್ಲಿ ಸಂಶೋಧಕರು ವಾದಿಸಿದರು. ಮೊಟ್ಟೆಯ ಹಂಗು ಮೊದಲೇ ಬಿಟ್ಟಿದ್ದಕ್ಕೆ ಅವು ಪೂರ್ತಿ ಕಡಲಿನವಾಗಲು ಸಾಧ್ಯವಾಗಿರಬೇಕು!

ಕಡಲ ಸರೀಸೃಪಗಳ ಇನ್ನೊಂದು ಗುಂಪಾದ ಪ್ಲೀಸಿಯೋಸಾರ್ ಬಳಗದ ಪಾಲಿಕೋಟಿಲಸ್ ಇನ್ನೂ ಮುಂದೆ ಹೋಗಿತ್ತು. ಅಮೆರಿಕದ ಕಾನ್ಸಾಸ್‌ನಲ್ಲಿ ಸಿಕ್ಕ ತಾಯಿ 4.7 ಮೀಟರ್ ಉದ್ದ. ಹೊಟ್ಟೆಯಲ್ಲಿ ಒಂದೇ ಮರಿ, ಅದೇ ಒಂದೂವರೆ ಮೀಟರ್! ಒಂದೇ ಮರಿಯನ್ನು ಅಷ್ಟು ದೊಡ್ಡದಾಗಿ ಬೆಳೆಸುವ ಪ್ರಾಣಿ, ಹೆತ್ತ ಮೇಲೂ ತಿಮಿಂಗಿಲಗಳ ಹಾಗೆ ಅದನ್ನು ಸಾಕುತ್ತಿತ್ತೇನೋ ಎಂದು ಅದನ್ನು ಅಧ್ಯಯನ ಮಾಡಿದವರು 2011ರಲ್ಲಿ ಬರೆದರು.