ಉಪ್ಪು ಗಾಳಿ ಹೊಗೆಯನ್ನು ತೊಳೆಯುತ್ತದೆಯೇ?

ಪ್ರಶ್ನೆ: ನಮ್ಮದು ಮಂಗಳೂರು. ಕಡಲಿನ ಉಪ್ಪು ಗಾಳಿ ವಾಹನಗಳ ಹೊಗೆಯನ್ನು ಹೀರಿಕೊಳ್ಳುತ್ತದೆ ಅಂತಾರೆ. ನಿಜವೇ?

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಈ ಸಲ ದಯವಿಟ್ಟು ಪೂರ್ತಿ ಓದಿ. ಗಾಳಿ ಜೋರಾಗಿ ಬೀಸಿದರೆ ಹೊಗೆ ಚದುರುತ್ತದೆ. ಅದು ಗಾಳಿಯ ಕೆಲಸ. ಉಪ್ಪು ಮಾಡುವುದೇ ಬೇರೆ.

ಈ ನಂಬಿಕೆಗೆ ಒಂದೆಳೆ ಆಧಾರವಿದೆ. ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳಿಂದ ಗಾಳಿಯಲ್ಲಿ ನೈಟ್ರಿಕ್ ಆಮ್ಲ ಹುಟ್ಟುತ್ತದೆ. ಅಲೆಯ ನೊರೆಯಿಂದ ಸಿಡಿದ ಉಪ್ಪಿನ ಕಣ ಅದನ್ನು ಹಿಡಿದುಕೊಳ್ಳುತ್ತದೆ. ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬದಲಿಗೆ ಉಪ್ಪು ಏನು ಬಿಟ್ಟುಕೊಟ್ಟಿತು? ಹೈಡ್ರೋಜನ್ ಕ್ಲೋರೈಡ್ ಅನಿಲ. ಉಪ್ಪಿನೊಳಗೆ ತೆಪ್ಪಗಿದ್ದ ಕ್ಲೋರಿನ್ ಹೀಗೆ ಹೊರಗೆ ಬಂತು.

ರಾತ್ರಿಯ ಕಥೆ ಇನ್ನೂ ಮುಖ್ಯ. ಕತ್ತಲಲ್ಲಿ ನೈಟ್ರೋಜನ್ ಡೈಆಕ್ಸೈಡ್ ಮತ್ತು ಓಝೋನ್ ಸೇರಿ, ಕೊನೆಗೆ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗುತ್ತದೆ. ಹಗಲಲ್ಲಿ ಬಿಸಿಲು ಇದನ್ನು ಬೆಳೆಯಲು ಬಿಡುವುದಿಲ್ಲ. ಇದು ಒದ್ದೆ ಉಪ್ಪಿನ ಕಣಕ್ಕೆ ತಾಗಿದರೆ ನೈಟ್ರಿಲ್ ಕ್ಲೋರೈಡ್ ಎಂಬ ಅನಿಲ ಬರುತ್ತದೆ. ಬೆಳಗಿನ ಬಿಸಿಲು ಅದನ್ನು ಒಡೆಯುತ್ತದೆ. ಆಗ ಸಿಗುವುದು ಒಂದು ಕ್ಲೋರಿನ್ ಪರಮಾಣು ಮತ್ತು ಅದೇ ಹಳೆಯ ನೈಟ್ರೋಜನ್ ಡೈಆಕ್ಸೈಡ್! ಅರ್ಧ ನೈಟ್ರೋಜನ್ ಕಣದಲ್ಲೇ ಉಳಿಯಿತು, ಇನ್ನರ್ಧ ಗಾಳಿಗೆ ವಾಪಸ್. ಜೊತೆಗೆ ಬಂದ ಕ್ಲೋರಿನ್ ಪೆಟ್ರೋಲ್ ಆವಿಯಂಥವುಗಳ ಮೇಲೆ ಎರಗಿ, ಉಸಿರಿಗೆ ಕೆಟ್ಟದ್ದಾದ ಓಝೋನ್ ಹೆಚ್ಚಲು ದಾರಿ ಮಾಡುತ್ತದೆ. ಇದನ್ನು ತೊಳೆಯುವುದು ಅಂತ ಹೇಗೆ ಕರೆಯೋಣ?

ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ರಸಾಯನ ವಿಜ್ಞಾನಿ ಬಾರ್ಬರಾ ಫಿನ್ಲೇಸನ್-ಪಿಟ್ಸ್ ಮತ್ತು ಸಂಗಡಿಗರು ಉಪ್ಪಿನಿಂದ ನೈಟ್ರಿಲ್ ಕ್ಲೋರೈಡ್ ಬರುವುದನ್ನು 1989ರಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದರು. 2006ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ ಬಳಿಯ ಕಡಲಲ್ಲಿ ಹಡಗಿನಿಂದ ಅಳೆದಾಗ ಈ ಅನಿಲ ನಿಜಕ್ಕೂ ಸಿಕ್ಕಿತು. ಗಾಳಿಯ ನೂರು ಕೋಟಿ ಅಣುಗಳಲ್ಲಿ ಒಂದಕ್ಕಿಂತ ಜಾಸ್ತಿ. ಇಷ್ಟಕ್ಕೇ ಬೆಳಗಿನ ರಸಾಯನ ಬದಲಾಗುತ್ತದೆ. ನಮ್ಮ ಕರಾವಳಿಯಲ್ಲೂ ರಾತ್ರಿ ನೆಲದ ಗಾಳಿ ಊರಿನ ಹೊಗೆಯನ್ನು ಕಡಲಿನತ್ತ ಒಯ್ಯುತ್ತದೆ, ಹಗಲು ಕಡಲ ಗಾಳಿ ಊರಿಗೆ ಬರುತ್ತದೆ. ಬೇಕಾದ ಸಾಮಗ್ರಿಯೆಲ್ಲ ಇಲ್ಲೂ ಇದೆ, ಅಲ್ವಾ?

ಹಾಗಾದರೆ ಕಡಲಿಲ್ಲದ ಊರು ಪಾರಾಯಿತೇ? ಇಲ್ಲ. ಕಡಲಿನಿಂದ ಸುಮಾರು 1400 ಕಿಲೋಮೀಟರ್ ದೂರದ ಕೊಲರಾಡೋದ ಬೋಲ್ಡರ್‌ನಲ್ಲೂ ನೈಟ್ರಿಲ್ ಕ್ಲೋರೈಡ್ ಸಿಕ್ಕಿದೆ. ಕಲ್ಲಿದ್ದಲು, ಕಸ ಸುಟ್ಟರೂ ಕ್ಲೋರಿನ್ ಗಾಳಿ ಸೇರುತ್ತದೆ. ದಿಲ್ಲಿಯ ಚಳಿಗಾಲದ ಕಣಗಳಲ್ಲಂತೂ ಕ್ಲೋರೈಡ್ ಧಾರಾಳ. ಆದರೂ ಅಲ್ಲಿ ಈ ರಾತ್ರಿಯ ಕ್ರಿಯೆ ಬಹಳ ಕುಂದುತ್ತದೆ. ಹೊಸದಾಗಿ ಉಗುಳಿದ ನೈಟ್ರಿಕ್ ಆಕ್ಸೈಡ್ (ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳಲ್ಲೇ ಒಂದು) ಅಲ್ಲಿ ಅಷ್ಟು ದಟ್ಟ, ಪೆಂಟಾಕ್ಸೈಡ್ ಹುಟ್ಟುವ ಮೊದಲೇ ಅದರ ಬೇರು ಕತ್ತರಿಸುತ್ತದೆ.