ಬಿಳಿ ಪೌಡರಿನೊಳಗಿನ ಬೆಳಕಿನ ಆಟ

‘ಖನಿಜದಿಂದ ಮಾಡಿದ್ದು, ಆದ್ದರಿಂದ ಅಪಾಯವಿಲ್ಲ’ ಎಂಬ ಮಾತು ಪ್ರಸಾಧನ ಸಾಮಗ್ರಿಗಳ ಡಬ್ಬಿಗಳ ಮೇಲೆ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಿಳಿ ಸೀಸವೂ ಖನಿಜವೇ ತಾನೆ? ಸೀಸದ ತಗಡನ್ನು ವಿನೆಗರ್ ಆವಿಗೆ ಒಡ್ಡಿ, ಮೇಲೆ ಕಟ್ಟಿದ ಬಿಳಿ ಪದರವನ್ನು ಕೆರೆದು ಯುರೋಪಿನ ಸಿರಿವಂತರು ಶತಮಾನಗಳ ಕಾಲ ಮುಖಕ್ಕೆ ಬಳಿದುಕೊಂಡರು. ಲಂಡನ್ನಿನಲ್ಲಿ ಚೆಲುವಿಗೆ ಹೆಸರಾಗಿದ್ದ ಮರಿಯಾ ಕಾವೆಂಟ್ರಿ 1760ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡದ್ದು ಆ ಲೇಪದಿಂದಲೇ ಎನ್ನುತ್ತಾರೆ.

ಸೀಸದ ಜಾಗಕ್ಕೆ ಸತುವಿನ ಆಕ್ಸೈಡ್ ಬಂತು, ಆಮೇಲೆ ಟೈಟಾನಿಯಂ ಡೈಆಕ್ಸೈಡ್. ಇವು ಬಿಳಿಯಾಗಿ ಕಾಣುವುದಾದರೂ ಹೇಗೆ? ಪಾರದರ್ಶಕ ಗಾಜನ್ನು ಕುಟ್ಟಿದರೆ ಬಿಳಿ ಪುಡಿಯಾಗುತ್ತದೆ. ಅದರ ಮೇಲೆ ಎಣ್ಣೆ ಸುರಿದರೆ ಬಿಳುಪು ಮಾಯ. ಬೆಳಕು ಕಣದಿಂದ ಕಣಕ್ಕೆ ಚದುರುವುದೇ ಬಿಳುಪು. ಕಣಕ್ಕೂ ಅದರ ಸುತ್ತಲಿನ ವಸ್ತುವಿಗೂ ವಕ್ರೀಭವನ ಸೂಚ್ಯಂಕದಲ್ಲಿ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿಯ ಅಳತೆಯಲ್ಲಿ, ಅಂತರ ಹೆಚ್ಚಿದಷ್ಟೂ ಚದುರುವಿಕೆ ಜೋರು. ಚರ್ಮದ ಎಣ್ಣೆಯ ಸೂಚ್ಯಂಕ ಸುಮಾರು 1.5, ಸತುವಿನ ಆಕ್ಸೈಡಿನದು 2.0, ಟೈಟಾನಿಯಂ ಡೈಆಕ್ಸೈಡಿನ ರೂಟೈಲ್ ಎಂಬ ಹರಳು ರೂಪದ್ದು 2.7. ಅದನ್ನು ಮೀರಿಸುವ ಬಿಳಿ ಪುಡಿ ಪೇಟೆಯಲ್ಲಿಲ್ಲ.

ತೊಡಕು ಇರುವುದೂ ಆ ಹರಳಿನಲ್ಲೇ. ನೇರಳಾತೀತ ಕಿರಣ ಬಿದ್ದರೆ ಅದರೊಳಗಿನ ಇಲೆಕ್ಟ್ರಾನ್ ಜಾಗ ಬಿಟ್ಟು ಮೇಲೇಳುತ್ತದೆ. ಎದ್ದ ಇಲೆಕ್ಟ್ರಾನು ಆಮ್ಲಜನಕವನ್ನು ಹಿಡಿಯುತ್ತದೆ, ತೆರವಾದ ಜಾಗ ನೀರಿನಿಂದ ಇಲೆಕ್ಟ್ರಾನ್ ಕಸಿಯುತ್ತದೆ. ಹೀಗೆ ಹುಟ್ಟುವ, ಬೇರೆ ಅಣುಗಳೊಡನೆ ತಟಕ್ಕನೆ ವರ್ತಿಸುವ ತುಣುಕುಗಳಾದ ರ‍್ಯಾಡಿಕಲ್‌ಗಳು ಎದುರಿಗೆ ಸಿಕ್ಕ ಸಾವಯವ ಅಣುಗಳನ್ನೆಲ್ಲ ಕತ್ತರಿಸುತ್ತವೆ. ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಳಸಿ ಬೆಳಕಿನಿಂದ ನೀರನ್ನೇ ಒಡೆದು ತೋರಿಸಿದರು. ತಾನೇ ಕೊಳೆ ಕಳೆದುಕೊಳ್ಳುವ ಗಾಜಿಗೆ ಈ ಗುಣ ವರ. ಮುಖದ ಮೇಲೆ ಅದು ಬೇಡ. ಅಲ್ಲಿ ಚರ್ಮದ ಎಣ್ಣೆಯೂ ಸುಗಂಧವೂ ಉತ್ಕರ್ಷಣೆಗೆ ಸಿಗುತ್ತವೆ. ಹಾಗೆಂದು ಇದು ಸೀಸದಂಥ ವಿಷವಲ್ಲ. ಕಣಗಳಿಗೆ ಸಿಲಿಕಾ, ಅಲ್ಯೂಮಿನಾ ಹೊದಿಸಿ ತಯಾರಕರು ಇದನ್ನು ಬಹುಮಟ್ಟಿಗೆ ತಡೆಯುತ್ತಾರೆ; ಆರೋಗ್ಯವಂತ ಚರ್ಮವನ್ನು ದಾಟಿ ಕಣಗಳು ಒಳಗಿಳಿಯುವುದೂ ಇಲ್ಲವೆನ್ನುವಷ್ಟು ಕಡಿಮೆ. ಉಸಿರಿನೊಂದಿಗೆ ಒಳಹೋಗುವ ಧೂಳಿನ ಆತಂಕ ಬೇರೆಯದೇ.

ಹೊದಿಕೆಯ ಗೊಡವೆಯೇ ಬೇಡವೆಂದು ಕೆಲವರು ಸತು, ಕ್ಯಾಲ್ಸಿಯಂ, ಟೈಟಾನಿಯಂಗಳ ಫಾಸ್ಫೇಟ್ ಹಿಡಿದಿದ್ದಾರೆ. ಪರೀಕ್ಷೆ ಸರಳ: ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣಕ್ಕೆ ಪುಡಿ ಬೆರೆಸಿ ನೇರಳಾತೀತ ದೀಪದಡಿ ಇಡುತ್ತಾರೆ. ಹೊದಿಕೆಯಿಲ್ಲದ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ಕೆಲವೇ ಗಂಟೆಗಳಲ್ಲಿ ನೀಲಿ ಕರಗಿಹೋಗುತ್ತದೆ. ಫಾಸ್ಫೇಟ್ ಇದ್ದಲ್ಲಿ ನೀಲಿ ಹೆಚ್ಚು ಕದಲದೆ ಉಳಿಯುತ್ತದೆ.

ಆದರೆ ಸತು, ಕ್ಯಾಲ್ಸಿಯಂ ಫಾಸ್ಫೇಟುಗಳ ಸೂಚ್ಯಂಕ 1.6ರ ಆಸುಪಾಸು. ಒಣಗಿದ್ದಾಗ ಬೆಳ್ಳಗಿರುವ ಪುಡಿ ಬೆವರು, ಎಣ್ಣೆ ತಾಗಿದೊಡನೆ ಮಂಕಾಗುತ್ತದೆ. ಈ ಕಗ್ಗಂಟು ಬಿಡಿಸಲು ಸೈಫೋಚಿಲಸ್ ಎಂಬ ಬಿಳಿ ದುಂಬಿಯನ್ನು ನೋಡಬೇಕು. ಅದರ ಹುರುಪೆಯಲ್ಲಿರುವುದು ಕೀಟಗಳ ಹೊರಕವಚದ ವಸ್ತುವಾದ ಕೈಟಿನ್, ಸೂಚ್ಯಂಕ ಬರೀ 1.56. ಆದರೂ ಕೆಲವೇ ಮೈಕ್ರೊಮೀಟರ್ ದಪ್ಪದಲ್ಲಿ ಅದು ಅಚ್ಚ ಬಿಳಿ, ಏಕೆಂದರೆ ಕೈಟಿನ್ ಎಳೆಗಳ ನಡುವೆ ಗಾಳಿ ತುಂಬಿದೆ. ಇದನ್ನೇ ಪೌಡರಿಗೆ ತರಬೇಕಾದರೆ ಆ ಗಾಳಿಯ ಜಾಗಕ್ಕೆ ಎಣ್ಣೆ ನುಗ್ಗದಂತೆ ಪ್ರತಿ ಕಣದ ಬಾಯಿ ಮುಚ್ಚಬೇಕು. ಒಳಗೆ ಟೊಳ್ಳಾದ ಸಿಲಿಕಾ ಕಣಗಳ ಮೇಲೆ ನನಗೆ ಹೆಚ್ಚು ಭರವಸೆ ಇರುವುದು ಈ ಕಾರಣಕ್ಕೇ.