ಎಂಜಿನ್ ನಂಬರಿನ ಸುತ್ತ ಬೆಳ್ಳಿ ಎಲ್ಲಿಂದ ಬಂತು?

ಮಾದರಿ ಉಗಿ ಎಂಜಿನ್‌ಗೆ ಹೊಸ ಬಣ್ಣ ಹೊಡೆಯುವವರು ಹಸಿರು ಯಾವ ಹಸಿರು ಅಂತ ತಿಂಗಳುಗಟ್ಟಲೆ ಜಗಳವಾಡುತ್ತಾರೆ. ಕೆಲಸ ಕೆಡುವುದು ಮಾತ್ರ ಬೇರೆ ಕಡೆ. ಕೊನೆಯಲ್ಲಿ ಚಾಲಕನ ಕ್ಯಾಬಿನ ಪಕ್ಕಕ್ಕೆ ಡೆಕಾಲ್ ನಂಬರ್, ಅಂದರೆ ತೆಳು ಪಾರದರ್ಶಕ ಪೊರೆಯ ಮೇಲೆ ಅಚ್ಚಾದ ಅಂಕಿ, ಅಂಟಿಸುತ್ತಾರೆ. ಒಣಗಿದ ಮೇಲೆ ನೋಡಿದರೆ ಅಂಕಿಗಳ ಸುತ್ತ ಬೂದು ಬೆಳ್ಳಿಯ ಒಂದು ಚೌಕ! ಡೆಕಾಲ್ ಕಳಪೆ, ಅಂಟು ಸರಿ ಇಲ್ಲ ಅಂತ ಬೈಗುಳ ಶುರು. ಬಹುತೇಕ ಸಲ ತಪ್ಪು ಎರಡರದ್ದೂ ಅಲ್ಲ. ಅಲ್ಲಿ ಸಿಕ್ಕಿಹಾಕಿಕೊಂಡಿರುವುದು ಗಾಳಿ.

ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ ಕೈಗೆ ನುಣುಪು ಅನ್ನಿಸಿದರೂ ಅದರ ಮೈ ತುಂಬ ಸಣ್ಣ ದಿಬ್ಬ, ಹಳ್ಳ. ಡೆಕಾಲಿನ ತೆಳು ಪೊರೆ ದಿಬ್ಬಗಳ ತುದಿ ಮೇಲೆ ಕೂರುತ್ತದೆ, ಹಳ್ಳಗಳಲ್ಲಿ ಗಾಳಿ ಉಳಿಯುತ್ತದೆ. ಪೊರೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು 1.5, ಬಣ್ಣದ್ದೂ ಹೆಚ್ಚುಕಮ್ಮಿ ಅಷ್ಟೇ, ಗಾಳಿಯದ್ದು 1. ಪೊರೆ ಬಣ್ಣಕ್ಕೆ ನೇರವಾಗಿ ತಾಗಿದ್ದರೆ ನಡುವೆ ಗಡಿ ಇದೆ ಅಂತ ಬೆಳಕಿಗೆ ಗೊತ್ತೇ ಆಗುವುದಿಲ್ಲ. ಗಾಳಿ ನುಸುಳಿದರೆ ಒಂದರ ಬದಲು ಎರಡು ಗಡಿ ಹುಟ್ಟಿಕೊಳ್ಳುತ್ತವೆ: ಪೊರೆಯಿಂದ ಗಾಳಿಗೆ, ಗಾಳಿಯಿಂದ ಬಣ್ಣಕ್ಕೆ. ಫ್ರೆನೆಲ್ ಸೂತ್ರದ ಪ್ರಕಾರ ನೇರ ಬೀಳುವ ಬೆಳಕಿನಲ್ಲಿ ಶೇ. 4ರಷ್ಟು ಒಂದೊಂದು ಗಡಿಯಲ್ಲೂ ವಾಪಸ್. ಒಟ್ಟು ಸುಮಾರು ಶೇ. 8. ಉಬ್ಬುತಗ್ಗು ಇರುವುದರಿಂದ ಅದು ನಾಲ್ಕೂ ದಿಕ್ಕಿಗೆ ಚದುರುತ್ತದೆ.

ಶೇ. 8 ಏನು ಮಹಾ ಅನ್ನಬೇಡಿ. ಕೆನೆ ಬಣ್ಣದ ಬೋಗಿ ಮೇಲೆ ಅದು ಕಾಣುವುದಿಲ್ಲ. ಕಪ್ಪು ಎಂಜಿನ್ ಮಾತ್ರ ತಾನಾಗಿ ಬೆಳಕು ವಾಪಸ್ ಕೊಡುವುದೇ ಕಡಿಮೆ, ಅಲ್ವಾ? ಅಲ್ಲಿ ಈ ಪುಡಿ ಬೆಳಕೇ ಬೆಳ್ಳಿ. ನಂಬಿಕೆ ಬರದಿದ್ದರೆ ಮಬ್ಬು ಗಾಜಿನ ಒರಟು ಬದಿಗೆ ಪಾರದರ್ಶಕ ಟೇಪ್ ಒತ್ತಿ ಅಂಟಿಸಿ. ಟೇಪಿನ ಅಂಟು ಹಳ್ಳ ತುಂಬಿ ಗಾಳಿ ಓಡಿಸುತ್ತದೆ. ಅಷ್ಟು ಜಾಗ ಮಾತ್ರ ತಿಳಿಯಾಗುತ್ತದೆ.

ಹಾಗಾಗಿ ಡೆಕಾಲಿಗೆ ಮೊದಲು ಹಳ್ಳ ತುಂಬಿ ಮೈ ಸಮ ಮಾಡುವ ಹೊಳಪಿನ ವಾರ್ನಿಷ್ ಬೇಕೇ ಬೇಕು. ‘ಹೊಳೆದರೆ ಆಟದ ಸಾಮಾನಿನ ಥರ ಕಾಣುತ್ತೆ’ ಅಂತ ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ಹೊಳಪು ಕೊನೆವರೆಗೂ ಇರಬೇಕಿಲ್ಲ. ನಂಬರ್ ಕೂತ ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರಾಯಿತು. ಅದರೊಳಗಿನ ಸಿಲಿಕಾ ಕಣಗಳು ಮೇಲ್ಮೈಯನ್ನು ಒರಟು ಮಾಡುತ್ತವೆ. ಡೆಕಾಲಿನ ಕೆಳಗೆ ಕಾಟ ಕೊಟ್ಟ ಒರಟುತನವೇ ಮೇಲೆ ಬಂದಾಗ ನಮಗೆ ಬೇಕಾದದ್ದು. ಪದರ ಮಾತ್ರ ತೆಳುವಾಗಿರಲಿ. 1:87 ಅಳತೆಯಲ್ಲಿ, ಅಂದರೆ ನಿಜದ್ದಕ್ಕಿಂತ 87 ಪಟ್ಟು ಚಿಕ್ಕ ಮಾದರಿಯಲ್ಲಿ, 0.03 ಮಿ.ಮೀ. ಬಣ್ಣವೆಂದರೆ ನಿಜವಾದ ಎಂಜಿನ್ ಮೇಲೆ 2.6 ಮಿ.ಮೀ. ಮೆತ್ತಿದ ಹಾಗೆ. ನಾಲ್ಕು ಪದರ ಬಿದ್ದರೆ ರಿವೆಟ್‌ಗಳು ಮುಳುಗಲು ಶುರು.

ಇಡೀ ಎಂಜಿನ್‌ಗೆ ಒಂದೇ ಮ್ಯಾಟ್ ಹೊಡೆಯುವುದೂ ನನಗೆ ಒಪ್ಪಿಗೆಯಿಲ್ಲ. ನಿಜವಾದ ಎಂಜಿನ್‌ನಲ್ಲಿ ಬಾಯ್ಲರ್‌ಗೆ ಶಾಖ ತಡೆಯುವ ಹೊದಿಕೆ, ಅದರ ಮೇಲೆ ತೆಳು ತಗಡು. ಬಣ್ಣ ಬೀಳುತ್ತಿದ್ದುದು ಆ ತಗಡಿಗೆ. ಅದನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಲೂ ಇದ್ದರು, ಹಾಗಾಗಿ ಅದಕ್ಕೆ ಹೊಳಪು. ಮುಂದಿನ ಹೊಗೆಪೆಟ್ಟಿಗೆಗೆ ಸಾಮಾನ್ಯವಾಗಿ ಹೊದಿಕೆ ಇರುತ್ತಿರಲಿಲ್ಲ. ಬಿಸಿಗೆ ಯಾವ ಚಂದದ ಬಣ್ಣವೂ ನಿಲ್ಲದ ಜಾಗ ಅದು, ಅದಕ್ಕೇ ಮಂಕು ಕಪ್ಪು. ಉಗಿ ಎಂಜಿನ್ ಅಂದರೆ ಬರೀ ಕಪ್ಪು ಅನ್ನುವವರಿಗೆ ಇನ್ನೊಂದು ಮಾತು: 1938ರಲ್ಲಿ ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದ ಬ್ರಿಟನ್‌ನ ಮಲ್ಲಾರ್ಡ್ ನೀಲಿ. ಅದಕ್ಕೂ ಹಿಂದೆ ಬ್ರಿಟನ್‌ನ ರೈಲ್ವೆ ಎಂಜಿನಿಯರ್ ವಿಲಿಯಂ ಸ್ಟ್ರೌಡ್ಲಿ ತನ್ನ ಎಂಜಿನ್‌ಗಳಿಗೆ ಹೊಡೆಸಿದ್ದು ಅರಿಶಿನದಂಥ ಬಣ್ಣ. ಅದರ ಅಧಿಕೃತ ಹೆಸರು ‘ಸುಧಾರಿತ ಎಂಜಿನ್ ಹಸಿರು’!

ಬೆಳ್ಳಿ ಆಗಲೇ ಕಾಣಿಸಿಕೊಂಡಿದೆಯೇ? ಮ್ಯಾಟ್ ಹೊಡೆಯುವ ಮೊದಲು ಸೂಜಿಮೊನೆಯಿಂದ ಪೊರೆಗೆ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರಾವಣ ಒಂದು ಹನಿ ಬಿಡಿ. ಪೊರೆ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಒತ್ತಲು ಹೋಗಬೇಡಿ, ಒಣಗುತ್ತಾ ತಾನೇ ಕೂರುತ್ತದೆ. ಬೆಳ್ಳಿ ಉಳಿದ ಕಡೆ ಮತ್ತೆ ಚುಚ್ಚಿ, ಮತ್ತೊಂದು ಹನಿ.